ಟ್ಯಾಂಕರಿನಲ್ಲಿ ಮನೆ ಹುಡುಕಿದವರು

"ಬೆಳಿಗ್ಗೆ ಆರಕ್ಕೆ ಬರಬೇಕಾದ ನೀರು ರೀ ಇದು. ನನ್ನ ತಲೆ ನೋಡಿ!"

ರಿತೇಶ್ ಟ್ಯಾಂಕರಿನ ಕಿಟಕಿಯಿಂದ ಹೊರಗೆ ಬಗ್ಗಿ ನೋಡಿದ. ಸಿಲ್ವರ್ ಕ್ರೆಸ್ಟ್ ಅಪಾರ್ಟ್‌ಮೆಂಟಿನ ಗೇಟಿನ ಎದುರು ನಿಂತವಳ ತಲೆಗೆ ಟವೆಲ್ ಸುತ್ತಿತ್ತು. ಟವೆಲಿನ ಅಂಚಿನಿಂದ ಶಾಂಪೂವಿನ ನೊರೆ ಇಳಿದು ಕಿವಿಯ ಹತ್ತಿರ ನಿಂತಿತ್ತು. ಸ್ನಾನದ ಮಧ್ಯದಲ್ಲಿ ನಲ್ಲಿ ನಿಂತುಹೋಗಿತ್ತು, ಪಾಪ.

"ಎಂತ ಮಾಡುವುದು ಮೇಡಂ, ಮೊದಲ ಟ್ರಿಪ್ ಕೊಟ್ಟು ಬರುವಾಗ ಹೈವೇಯಲ್ಲಿ ಬ್ಲಾಕ್ ಉಂಟು."

"ಬ್ಲಾಕ್ ಉಂಟು, ಧೂಳು ಉಂಟು, ಮಾತೂ ಉಂಟು. ನೀರು ಮಾತ್ರ ಇಲ್ಲ."

ನಗಬಾರದೆಂದು ಅವನು ತುಟಿ ಕಚ್ಚಿಕೊಂಡ. ಅವಳು ಅದನ್ನು ನೋಡಿಬಿಟ್ಟಳು. ಕಣ್ಣು ಕಿರಿದಾಗಿಸಿ ಇನ್ನೇನೋ ಹೇಳಹೊರಟವಳು, ನೊರೆ ಕಣ್ಣಿಗಿಳಿದು ಒಳಗೆ ಓಡಿದಳು.

ಅವಳ ಹೆಸರು ಅಕ್ಷಿತಾ. ಚನ್ನರಾಯಪಟ್ಟಣದ ಕಡೆಯವಳು. ಮಣಿಪಾಲದ ಆಸ್ಪತ್ರೆಯೊಂದರಲ್ಲಿ ಫಿಸಿಯೋಥೆರಪಿಸ್ಟ್. ಮಣಿಪಾಲದಲ್ಲಿ ಬಾಡಿಗೆ ಕೈಗೆಟುಕದೆ ಹತ್ತಿರದ ಸಂತೆಕಟ್ಟೆಗೆ ಬಂದಿದ್ದಳು. ಅಪಾರ್ಟ್‌ಮೆಂಟಿನ ಅಧ್ಯಕ್ಷ ಭುಜಂಗಣ್ಣನೇ ಅವಳ ಫ್ಲ್ಯಾಟಿನ ಮಾಲೀಕ. ಕಾರ್ಯದರ್ಶಿಯ ಕೆಲಸ ಯಾರಿಗೂ ಬೇಡವಾಗಿದ್ದರಿಂದ ಅವನು ಅದನ್ನು ಇವಳ ಹೆಗಲಿಗೆ ಹಾಕಿದ್ದ. ಹಾಗಾಗಿ ಟ್ಯಾಂಕರಿನವರ ಜತೆ ಜಗಳವಾಡುವ ಜವಾಬ್ದಾರಿಯೂ ಅವಳದೇ ಆಗಿತ್ತು.

ರಿತೇಶ್ ಇಲ್ಲಿಯವನೇ. ಸಿಲ್ವರ್ ಕ್ರೆಸ್ಟ್ ನಿಂತಿದ್ದ ಜಾಗ ಒಂದು ಕಾಲಕ್ಕೆ ಅವನ ದೊಡ್ಡಪ್ಪನ ಗದ್ದೆ. ಪಾಲಿನಲ್ಲಿ ಇವರಿಗೆ ಉಳಿದದ್ದು ಮನೆ, ಒಂದಿಷ್ಟು ತೆಂಗು ಮತ್ತು ಬೇಸಿಗೆಯಲ್ಲೂ ಬತ್ತದ ಬಾವಿ. ಆ ಬಾವಿಯ ನೀರನ್ನೇ ಅವನು ಟ್ಯಾಂಕರಿಗೆ ತುಂಬಿ ಮಾರುತ್ತಿದ್ದ. ಗದ್ದೆ ಹೋಯಿತೆಂದು ಮನೆಯಲ್ಲಿ ಯಾರಿಗೂ ದುಃಖವಿರಲಿಲ್ಲ. "ನೇಜಿ ನೆಟ್ಟು ಸೊಂಟ ಹೋದದ್ದು ನನ್ನದು. ಗದ್ದೆ ಚಂದ ಅಂತ ಹೇಳುವವರು ನೋಡ್ಲಿಕ್ಕೆ ಬಂದವರು," ಎಂದು ಅಮ್ಮ ಸುಗಂಧಿ ಹೇಳುತ್ತಿದ್ದಳು.

ಊರು ಮಾತ್ರ ಕಣ್ಣೆದುರೇ ಬೆಳೆಯುತ್ತಿತ್ತು. ಮೀನಿನ ಅಂಗಡಿಯ ಮಾಳಿಗೆಯಲ್ಲಿ ಜಿಮ್, ಗ್ಯಾರೇಜಿನ ಪಕ್ಕ ಮೊಮೊ ಗಾಡಿ, ಎಲ್ಲಿ ನೋಡಿದರೂ 'ಬಾಡಿಗೆಗಿದೆ' ಬೋರ್ಡು. ಜೆಸಿಬಿ ಕಡಿದ ಗುಡ್ಡದ ಕೆಂಪು ಮಣ್ಣು ಮಳೆಗಾಲದಲ್ಲಿ ರಸ್ತೆಗಿಳಿದರೆ ಬೇಸಿಗೆಯಲ್ಲಿ ಮನೆಯೊಳಗೆ ಬಂದು ಕೂರುತ್ತಿತ್ತು. ರಸ್ತೆ ಮಾತ್ರ ಹಿಂದಿನಷ್ಟೇ ಅಗಲ. ಎದುರಿನಿಂದ ಸಿಟಿ ಬಸ್ಸು ಬಂದರೆ ರಿತೇಶ್ ಟ್ಯಾಂಕರನ್ನು ಯಾರದೋ ಅಂಗಳಕ್ಕೆ ಇಳಿಸಬೇಕಿತ್ತು.

ಪೈಪನ್ನು ನೆಲದಡಿಯ ಸಂಪಿನೊಳಗೆ ಬಿಟ್ಟ ಮೇಲೆ ಟ್ಯಾಂಕರ್ ಖಾಲಿಯಾಗುವವರೆಗೆ ಅವನಿಗೆ ಬೇರೆ ಕೆಲಸವಿರುತ್ತಿರಲಿಲ್ಲ. ಅಕ್ಷಿತಾ ಸಂಪಿನ ಕಟ್ಟೆಯ ಮೇಲೆ ಕೂತು ಕಾಫಿ ಕುಡಿಯುತ್ತಿದ್ದಳು. ಜಗಳ ಬೇಗ ಮುಗಿಯಿತು, ಮಾತು ಮುಗಿಯಲಿಲ್ಲ. ಒಂದು ದಿನ ಅವಳು ಎರಡು ಲೋಟ ತಂದಳು.

"ನನಗಾ?" ಎಂದ ರಿತೇಶ್.

"ಅಲ್ಲ, ಟ್ಯಾಂಕರಿಗೆ."

ಲೋಟ ಕೊಡುವಾಗ ಅವನ ಮುಖ ನೋಡದೆ ಪೈಪನ್ನೇ ನೋಡಿದಳು. ಕೊಟ್ಟಾದ ಮೇಲೆ ಒಮ್ಮೆ ನೋಡಿದಳು. ಸಕ್ಕರೆ ಜಾಸ್ತಿಯಾಗಿತ್ತು. ಆದರೂ ಅವನು ತಳದವರೆಗೂ ಕುಡಿದ.

ಏಪ್ರಿಲಿನಲ್ಲಿ ಬಾವಿ ಕೆಟ್ಟಿತು. "ನೀರು ನಾತ ಬರ್ತದೆ ಮಾರಾಯ," ಎಂದು ಅಮ್ಮ ಕೊಡಪಾನವನ್ನು ಮೂಗಿನ ಹತ್ತಿರ ಹಿಡಿದಳು. ರಿತೇಶ್ ಆ ದಿನವೇ ಟ್ಯಾಂಕರ್ ನಿಲ್ಲಿಸಿದ. ಮೇಲಿನ ರಸ್ತೆಯ ಹೊಸ ಹೋಟೆಲಿನ ಮೇಲೆ ಅವನಿಗೆ ಅನುಮಾನ. ಅಕ್ಷಿತಾಳಿಗೂ ಫೋನಿನಲ್ಲಿ ಹಾಗೆಯೇ ಹೇಳಿದ್ದ. ನಾಲ್ಕು ಜನರನ್ನು ಸೇರಿಸಿ ಹೋಗುವುದೆಂದು ಚಪ್ಪಲಿ ಮೆಟ್ಟುತ್ತಿದ್ದಾಗ ಅಕ್ಷಿತಾ ಅಂಗಳಕ್ಕೆ ಬಂದಳು. ಚೂಡಿದಾರದ ಅಂಚೆಲ್ಲ ಕೆಸರು.

"ಹೋಟೆಲಿನವರಲ್ಲ, ನಮ್ಮವರು," ಎಂದಳು. "ಟಾಯ್ಲೆಟ್ ಪಿಟ್ ತುಂಬಿದೆ ಅಂತ ಭುಜಂಗಣ್ಣ ಹಿಂದಿನಿಂದ ಹಳ್ಳಕ್ಕೆ ಪೈಪ್ ಹಾಕಿಸಿದ್ದಾರೆ. ಗಲೀಜು ನೀರು ಹರಿದು ನಿಮ್ಮ ಬಾವಿ ಪಕ್ಕಾನೇ ಇಂಗ್ತಿದೆ. ಇಳಿದು ನೋಡಿಕೊಂಡು ಬಂದೆ."

"ಇದನ್ನು ನೀವು ನನಗೆ ಯಾಕೆ ಹೇಳುವುದು? ಅವರದೇ ಮನೆಯಲ್ಲಿ ಬಾಡಿಗೆಗಿದ್ದೀರಿ."

"ನಿಮ್ಮಮ್ಮ ಕುಡಿಯೋ ನೀರು." ಅವಳು ಕೆಸರಾದ ಅಂಚನ್ನು ಹಿಂಡಿದಳು. "ಆ ನೀರನ್ನೇ ಅಲ್ವಾ ನೀವು ನಮಗೆ ತಂದುಕೊಡ್ತಿದ್ದದ್ದು? ನಾವೂ ಅದರಲ್ಲೇ ಮುಖ ತೊಳೆದಿದ್ದೀವಿ."

ಭಾನುವಾರದ ಮೀಟಿಂಗಿನಲ್ಲಿ ಅವಳು ಎಲ್ಲರ ಎದುರು ಇದನ್ನೇ ಹೇಳಿದಳು. ತಾವು ಸ್ನಾನ ಮಾಡಿದ್ದು ಯಾವ ನೀರಿನಲ್ಲಿ ಎಂದು ತಿಳಿದ ಮೇಲೆ ಹೊಸ ಪಿಟ್ ತೋಡಿಸಲು ಯಾರೂ ಚೌಕಾಸಿ ಮಾಡಲಿಲ್ಲ. ಪೈಪ್ ಮುಚ್ಚಿಸಿ, ಬಾವಿ ಬರಿದು ಮಾಡಿ ತೊಳೆಸಿಕೊಡಲೂ ಒಪ್ಪಿದರು. ಮೀಟಿಂಗ್ ಮುಗಿದು ಮೆಟ್ಟಿಲು ಹತ್ತುವಾಗ ಭುಜಂಗಣ್ಣ ಅವಳನ್ನು ನಿಲ್ಲಿಸಿದ. ದುಬೈಯಿಂದ ಮಗಳು ಬರುತ್ತಾಳೆ, ತಿಂಗಳ ಕೊನೆಗೆ ಫ್ಲ್ಯಾಟ್ ಖಾಲಿಯಾಗಬೇಕು ಎಂದ. ಬರುವ ಮಗಳಿಗೆ ಕಾಯದೆ ಮರುದಿನವೇ ಗೇಟಿಗೆ 'ಬಾಡಿಗೆಗಿದೆ' ಬೋರ್ಡು ಬಿತ್ತು.

ವಾಚ್‌ಮ್ಯಾನ್ ಹೇಳಿದಾಗ ರಿತೇಶನಿಗೆ ಮೊದಲು ಬಂದದ್ದು ಸಿಟ್ಟು. ಆಮೇಲೆ ಹೆದರಿಕೆ. ಅವಳು ಮಣಿಪಾಲಕ್ಕೆ ಹೋಗಿಬಿಟ್ಟರೆ? ಅಲ್ಲಿ ನೀರು ಕೊಡುವ ಟ್ಯಾಂಕರಿನವರು ಬೇರೆ. ಅವಳ ಗೇಟಿನ ಎದುರು ಹೋಗಿ ನಿಲ್ಲಲು ಅವನಿಗೆ ಯಾವ ನೆಪವೂ ಇರುವುದಿಲ್ಲ.

"ಇಲ್ಲೇ ಎಲ್ಲಾದರೂ ಮನೆ ಸಿಗ್ತದೆ, ನೋಡುವಾ. ನನ್ನ ಗಾಡಿ ಹೇಗೂ ಖಾಲಿ ನಿಂತಿದೆ," ಎಂದು ಅಕ್ಷಿತಾಳಿಗೆ ಹೇಳಿದ.

"ಟ್ಯಾಂಕರಿನಲ್ಲಾ?"

"ಬೈಕ್ ಗ್ಯಾರೇಜಿನಲ್ಲಿ ಉಂಟು."

ಅವಳು ನಕ್ಕು, ದುಪಟ್ಟಾ ಸೊಂಟಕ್ಕೆ ಕಟ್ಟಿಕೊಂಡು ಟ್ಯಾಂಕರ್ ಹತ್ತಿದಳು.

ಮೊದಲ ಮನೆಯಲ್ಲಿ ಬಾಡಿಗೆ ಮಂಚದ ಲೆಕ್ಕದಲ್ಲಿ, ಅದೂ ಸ್ಟೂಡೆಂಟ್ಸಿಗೆ ಮಾತ್ರ. ಎರಡನೆಯ ಮನೆ ಚೆನ್ನಾಗಿತ್ತು. ಮಾಲೀಕರು ಬಾಗಿಲಲ್ಲೇ ನಿಂತು, "ಮೀನು ತಿಂತೀರಾ?" ಎಂದು ಕೇಳಿದರು.

"ಇಲ್ಲ," ಎಂದಳು ಅಕ್ಷಿತಾ.

"ಇವರು?"

"ನಾನು ಡ್ರೈವರ್," ಎಂದು ರಿತೇಶ್ ಥಟ್ಟನೆ ಹೇಳಿಬಿಟ್ಟ. ಒಂಟಿ ಹುಡುಗಿಗೆ ಮನೆ ಕೊಡುವುದಿಲ್ಲ ಎಂದು ಮಾಲೀಕರು ಬಾಗಿಲು ಹಾಕಿಕೊಂಡರು.

ಗಾಡಿಯಲ್ಲಿ ಅವಳು ಹೊರಗೆ ನೋಡುತ್ತ ಕೂತಳು. ಹೊರಗೆ ನೋಡಲು ಇದ್ದದ್ದು ಹಸಿರು ಬಲೆ ಹೊದ್ದ ಅರ್ಧ ಕಟ್ಟಿದ ಕಟ್ಟಡಗಳು ಮಾತ್ರ.

"ಡ್ರೈವರ್ ಅಂತ ಯಾಕೆ ಹೇಳಿದ್ರಿ?"

"ಮತ್ತೆಂತ ಹೇಳುವುದು?"

"ಗೊತ್ತಿಲ್ಲ." ಅವಳ ದನಿ ಸಣ್ಣಗಾಯಿತು. "ಆದ್ರೆ ಅದಲ್ಲ."

ಅವನ ಕೈ ಗೇರಿನ ಮೇಲೆಯೇ ಉಳಿಯಿತು. ಹಿಂದಿನವರು ಹಾರ್ನ್ ಬಾರಿಸಿದರು.

ಮೂರನೆಯದು ಪಕ್ಕದ ಕಲ್ಯಾಣಪುರದ ಓಣಿಯೊಂದರಲ್ಲಿ, ಎಲ್ಲರೂ 'ಬಾಯಿ' ಎಂದು ಗೌರವದಿಂದ ಕರೆಯುವ ಹಿರಿಯ ಹೆಂಗಸು ಪ್ಯಾಟ್ರಿಶಿಯಾರ ಮನೆ. ಕುವೈಟಿನಲ್ಲಿದ್ದ ಮಗ ಬಾಡಿಗೆಗೆಂದು ಮಾಳಿಗೆ ಕಟ್ಟಿಸಿದ್ದ. ಬಾಯಿ ಕೆಳಗೆ ಒಬ್ಬರೇ ಇದ್ದರು. ಅಡುಗೆಮನೆಗೆ ಗಾಳಿ ಬೆಳಕು ಚೆನ್ನಾಗಿತ್ತು. ಕಿಟಕಿ ತೆರೆದು ನಿಂತ ಅಕ್ಷಿತಾಳ ಮುಖ ಅರಳಿದ್ದನ್ನು ರಿತೇಶ್ ನೋಡಿದ. ಅದನ್ನು ಬಾಯಿಯೂ ನೋಡಿದರು.

"ಮನೆ ಫ್ಯಾಮಿಲಿಗೆ ಮಾತ್ರ ಕೊಡುವುದು," ಎಂದರು ಬಾಯಿ. "ಇವರು ನಿಮ್ಮ ಗಂಡನಾ?"

ರಿತೇಶ್ ತುಟಿ ಬಿಚ್ಚುವ ಮೊದಲೇ ಅಕ್ಷಿತಾ ಹೇಳಿದಳು. "ಇನ್ನೂ ಇಲ್ಲ. ಇವರು ಕೇಳಿಲ್ಲ."

ಹೇಳಿದವಳಿಗೇ ಕೆನ್ನೆ ಬಿಸಿಯಾಯಿತು. ಕಿಟಕಿಯ ಚಿಲಕವನ್ನು ಹಾಕುವುದು ತೆಗೆಯುವುದು ಮಾಡತೊಡಗಿದಳು.

ಪ್ಯಾಟ್ರಿಶಿಯಾ ಬಾಯಿ ರಿತೇಶನನ್ನು ಅಡಿಯಿಂದ ಮುಡಿಯವರೆಗೆ ಅಳೆದರು. "ಕೇಳ್ಲಿಕ್ಕೆ ಎಂತ ದಾಡಿ ಮಗಾ ನಿನಗೆ?" ಎಂದು ಹೇಳಿ, ಒಲೆಯ ಮೇಲೆ ಗಂಜಿ ಉಂಟೆಂದು ಕೆಳಗಿಳಿದುಹೋದರು.

ಖಾಲಿ ಮನೆಯಲ್ಲಿ ಇಬ್ಬರೇ ಉಳಿದರು. ಹೊಸ ಬಣ್ಣದ ವಾಸನೆ. ದೂರದಲ್ಲಿ ಎಲ್ಲೋ ಟೈಲ್ಸ್ ಕತ್ತರಿಸುವ ಸದ್ದು.

"ನಮ್ಮ ಮನೆಯಲ್ಲಿ ಮೀನು ಇಲ್ಲದೆ ಊಟ ಇಲ್ಲ," ಎಂದ ರಿತೇಶ್. ಆಡಬೇಕಿದ್ದ ಮಾತು ಇದಲ್ಲ ಎಂದು ಅವನಿಗೇ ಗೊತ್ತಾಯಿತು.

"ನಾನು ಮೀನಿನ ವಿಷಯ ಕೇಳಿದ್ನಾ?"

"ಇಲ್ಲ." ಅವನು ಹತ್ತಿರ ಬಂದ. "ನೀವು ಮಣಿಪಾಲಕ್ಕೆ ಹೋಗುವುದು ಬೇಡ. ಎಲ್ಲಿಗೂ ಹೋಗುವುದು ಬೇಡ. ನಿಮ್ಮನ್ನು ನೋಡದಿದ್ದರೆ ಆ ದಿನ ಗಾಡಿ ಓಡಿಸಿದ ಹಾಗೆಯೇ ಆಗುವುದಿಲ್ಲ ನನಗೆ. ಮದುವೆ ಆಗುವಾ ಅಕ್ಷಿತಾ?"

ಅವಳು ಚಿಲಕ ಬಿಟ್ಟಳು. ಕಣ್ಣಲ್ಲಿ ನೀರಿತ್ತು, ತುಟಿಯಲ್ಲಿ ನಗು.

"ಹೂಂ. ಆದ್ರೆ ನಮ್ಮಪ್ಪ ಅಷ್ಟು ಬೇಗ ಒಪ್ಪಲ್ಲ. ಕರಾವಳಿ ಕಡೆ ಹುಡುಗ, ಮನೆಮಾತೇ ಬೇರೆ ಅಂತ ಮನೆಯಲ್ಲಿ ದೊಡ್ಡ ರಾದ್ಧಾಂತ ಆಗುತ್ತೆ. ಕಾಯ್ತೀರಾ?"

"ಕಾಯ್ತೇನೆ. ಒಮ್ಮೆ ಅಮ್ಮನನ್ನು ಕರ್ಕೊಂಡು ನಿಮ್ಮ ಊರಿಗೆ ಬರ್ತೇನೆ. ಆಗುವ ರಾದ್ಧಾಂತ ನಮ್ಮ ಎದುರೇ ಆಗ್ಲಿ."

ಅವಳು ಅವನ ಅಂಗಿಯ ತೋಳಿಗೆ ಹತ್ತಿದ್ದ ಸುಣ್ಣವನ್ನು ಕೊಡವಿದಳು. ಕೈಯನ್ನು ಅಲ್ಲಿಯೇ ಇಟ್ಟಳು.

ಕೆಳಗೆ ಬಂದಾಗ ಬಾಯಿ ಇಬ್ಬರ ಮುಖ ನೋಡಿ ನಕ್ಕರು. ಅಕ್ಷಿತಾಳ ಅಂಗೈಗೆ ಮಾಳಿಗೆಯ ಬೀಗದ ಕೈ ಹಾಕಿದರು.

ಓಣಿಯಲ್ಲಿ ಟ್ಯಾಂಕರ್ ತಿರುಗಿಸಲು ಜಾಗವಿರಲಿಲ್ಲ. ಹಿಂದಕ್ಕೇ ತೆಗೆಯಬೇಕಿತ್ತು. ಅಕ್ಷಿತಾ ಹಿಂದೆ ಹೋಗಿ ನಿಂತು ಕೈ ಆಡಿಸಿದಳು. "ಬರ್ಲಿ... ಬರ್ಲಿ... ಸ್ವಲ್ಪ ಎಡಕ್ಕೆ!" ಕನ್ನಡಿಯಲ್ಲಿ ಅವಳು ಪುಟ್ಟದಾಗಿ, ಬಿಸಿಲಿಗೆ ಹುಬ್ಬು ಗಂಟಿಕ್ಕಿ, ಪೂರಾ ಗಂಭೀರವಾಗಿ ಕಾಣುತ್ತಿದ್ದಳು. ರಿತೇಶ್ ಅವಳನ್ನೇ ನೋಡುತ್ತ ಬಂದ. "ಸ್ಟಾಪ್!" ಎಂದು ಅವಳು ಕೂಗಿದ್ದು ಅವನಿಗೆ ಕೇಳಿಸಿತು, ಆದರೆ ತಲೆಗೆ ಹೋಗಲಿಲ್ಲ.

ಹೊಸ ಕಾಂಪೌಂಡಿನ ಮೂಲೆಯ ಎರಡು ಕಲ್ಲು ಉರುಳಿದವು.

ಪ್ಯಾಟ್ರಿಶಿಯಾ ಬಾಯಿ ಸೌಟು ಹಿಡಿದುಕೊಂಡೇ ಅಂಗಳಕ್ಕೆ ಓಡಿಬಂದರು.

"ಮೊದಲು ನನ್ನ ಗೋಡೆ ಕಟ್ಟಿಕೊಡು ಮಗಾ," ಎಂದರು. "ಆಮೇಲೆ ಮದುವೆ!"