ಹುಲಿಗೆಮ್ಮನ ಸಹಿ

ದನದ ಡಾಕ್ಟರಿಕೆ ಓದಲು ಎಡಿನ್‌ಬರೋಗೆ ಕಳಿಸಲೆಂದು ಯೂನಿವರ್ಸಿಟಿಯವರು ಇಬ್ಬರನ್ನು ಆರಿಸಿದ್ದರು. ಪ್ಲೇಗ್ ಬಿದ್ದ ಊರಿನಲ್ಲಿದ್ದವರು ಅದನ್ನು ಬಿಟ್ಟು ಮೂವತ್ತು ದಿನ ಕಳೆಯುವವರೆಗೆ ಹಡಗು ಹತ್ತಕೂಡದೆಂದು ಹುಕುಂ ಬಂತು. ಅಜ್ಜಂಪುರದ ಬೀರಪ್ಪನನ್ನು ಪಟ್ಟಿಯಿಂದ ತೆಗೆದರು. ಇನ್ನೊಬ್ಬನ ಬೀದಿಯಲ್ಲೂ ಇಲಿ ಸತ್ತು ಬಿದ್ದಿತ್ತು. ಅವನು ದೊಡ್ಡ ಅಧಿಕಾರಿಯ ಮಗ. ಅವನನ್ನು ತೆಗೆಯಲಿಲ್ಲ.

ಅಜ್ಜಂಪುರದ ಜನ ಮನೆಗಳಿಗೆ ಬೀಗ ಜಡಿದು, ತೆಂಗಿನ ತೋಟಗಳಲ್ಲಿ ಗರಿಯ ಗುಡಿಸಲು ಹಾಕಿಕೊಂಡು ಇಪ್ಪತ್ತು ದಿನವಾಗಿತ್ತು. ಬೀರಪ್ಪನಿಗೂ ಹುಲಿಗೆಮ್ಮನಿಗೂ ಮದುವೆಯಾದದ್ದು ಅಲ್ಲೇ, ಹನ್ನೆರಡು ದಿನದ ಹಿಂದೆ. ಪ್ಲೇಗಿನ ಸೂಜಿ ಹಾಕಿಸಿಕೊಂಡು ಅವನ ತೋಳು ಊದಿತ್ತು. ತಾಳಿ ಕಟ್ಟಲು ಕೈ ಎತ್ತಲಾರದೆ ಅವನು ಹಲ್ಲು ಕಚ್ಚಿದರೆ, ಇವಳು ಬಗ್ಗಿಸಿದ ತಲೆ ಎತ್ತದೆ ಕಿಸಕ್ಕನೆ ನಕ್ಕಿದ್ದಳು.

ಈಗ ಅವಳು ರೊಟ್ಟಿ ಸುಡುತ್ತಿದ್ದಳು. ಅವನು ತೆಂಗಿನ ಮರಕ್ಕೊರಗಿ ನಿಂತಿದ್ದ.

"ಏನ್ ಭಾವ, ರೊಟ್ಟಿ ನೋಡ್ತಿದೀಯೋ, ನನ್ನ ನೋಡ್ತಿದೀಯೋ?"

"ಯಾವುದು ಮೊದಲು ಕೆಂಪಗಾಗುತ್ತೆ ಅಂತ ನೋಡ್ತಿದೀನಿ ಕಣೇ."

ಕೆಂಪಗಾದದ್ದು ಅವಳೇ. ರೊಟ್ಟಿ ಸೀದು ಕಪ್ಪಾಗಿತ್ತು.

ನಗುವ ಅವನ ಮುಖದ ಹಿಂದೆ ಏನಿದೆಯೆಂದು ಅವಳಿಗೆ ಗೊತ್ತಿತ್ತು. ಎಮ್ಮೆದೊಡ್ಡಿ ಕಾವಲಿನಲ್ಲಿ ಅವನಪ್ಪ ಕಾಯುತ್ತಿದ್ದ ದನಗಳು ದೊಡ್ಡರೋಗ ಬಂದು ಸಾಲುಸಾಲಾಗಿ ಸತ್ತಿದ್ದವು. ಹತ್ತು ವರ್ಷದ ಬೀರಪ್ಪ ಒಂದೊಂದರ ಕೊರಳು ತಬ್ಬಿ ಅತ್ತಿದ್ದ. ದನದ ಡಾಕ್ಟರಾಗುವ ಹಟ ಅವತ್ತಿನದು. ಅವಳು ಮನಸ್ಸು ಕೊಟ್ಟದ್ದು ಆ ಹಟಕ್ಕೇ.

ಅಷ್ಟರಲ್ಲಿ ಪ್ಲೇಗ್ ಇನ್‌ಸ್ಪೆಕ್ಟರ್ ತೀರ್ಥಪ್ಪ ಸೈಕಲ್ ತಳ್ಳಿಕೊಂಡು ಬಂದ. ಕೋಟಿನ ಜೇಬಿನಿಂದ ಹಾಳೆ ತೆಗೆದ.

"ಯೂನಿವರ್ಸಿಟಿ ಕಚೇರಿಯವರೇ ದಾರಿ ತೋರಿಸವ್ರೆ ಕಣಪ್ಪಾ. ಇದಕ್ಕೊಂದು ಸಹಿ ಹಾಕು, ಶುಕ್ರವಾರದ ಹಡಗು ಸಿಗುತ್ತೆ. ಹಡಗು ತಪ್ಪಿದ್ರೆ ಜಾಗಾನೂ ತಪ್ತು ಅನ್ಕೋ."

ಹುಲಿಗೆಮ್ಮ ಹಿಟ್ಟಿನ ಕೈಯಲ್ಲೇ ಹಾಳೆ ಕಸಿದು ಜೋರಾಗಿ ಓದಿದಳು. "ಕಳೆದ ಮೂವತ್ತು ದಿನ ನಾನು ಕಡೂರಿನಲ್ಲಿದ್ದೆ. ಅಜ್ಜಂಪುರದ ಗಡಿ ತುಳಿದಿಲ್ಲ." ಓದಿ ತಲೆ ಎತ್ತಿದಳು. "ಹಂಗಾದ್ರೆ ನನ್ನ ಕೊರಳಿಗೆ ತಾಳಿ ಕಟ್ಟಿದ್ದು ಯಾರು ತೀರ್ಥಪ್ಪನೋರೆ? ನೀವೇ ಎರಡು ಸಲ ಪಾಯಸ ಬಡಿಸ್ಕೊಂಡು ಉಂಡ್ರಲ್ಲ!"

ಪಕ್ಕದ ಗುಡಿಸಲಿನ ಹೆಂಗಸರು ಗೊಳ್ಳೆಂದರು. ತೀರ್ಥಪ್ಪ ಟೋಪಿ ಸರಿಮಾಡಿಕೊಂಡ.

"ಕಾಗದದ ಮಾತಮ್ಮ ಇದು. ನಿನ್ನ ಗಂಡನ ಬಾಳಿನ ಪ್ರಶ್ನೆ."

ಅವಳ ನಗು ನಿಂತಿತು. ಬೀರಪ್ಪನ ಕಡೆ ನೋಡದೆಯೇ ಹಾಳೆ ಚಾಚಿದಳು. "ಹಾಕು ಭಾವ. ತಾಳಿ ನನ್ನ ಕೊರಳಲ್ಲೇ ಇರುತ್ತೆ, ಎಲ್ಲೂ ಹೋಗಲ್ಲ."

ಬೀರಪ್ಪ ಹಾಳೆ ತೆಗೆದುಕೊಂಡ. ಅದನ್ನು ಮಗುಚಿ, ಮಂಡಿಯ ಮೇಲಿಟ್ಟು, ತೀರ್ಥಪ್ಪನ ಪೆನ್ನಿನಿಂದ ಹಿಂಬದಿಯ ಖಾಲಿ ಜಾಗದಲ್ಲಿ ಬರೆದ: 'ನಾನು ಅಜ್ಜಂಪುರದಲ್ಲೇ ಇದ್ದೆ. ಅಲ್ಲೇ ಸೂಜಿ ಹಾಕಿಸಿಕೊಂಡೆ. ಅಲ್ಲೇ ಹುಲಿಗೆಮ್ಮನನ್ನು ಮದುವೆಯಾದೆ. ಗಡುವಿನ ಮೂವತ್ತು ದಿನ ಮುಗಿಸಿ ಬರುತ್ತೇನೆ. ನನ್ನ ಜಾಗ ನನಗೆ ಬೇಕು.' ಕೆಳಗೆ ಸಹಿ ಹಾಕಿದ.

"ಭಾವ, ಹಡಗು..."

"ನಿನ್ನ ಬಿಟ್ಟು ಹೋಗಬಲ್ಲೆ, ಹುಲಿಗಿ. ಮೂರು ವರ್ಷವಾದ್ರೂ ಸರಿ. ನೀನೇ ಇಲ್ಲ ಅಂತ ಬರೆದುಕೊಟ್ಟು ಹೋಗಲಾರೆ."

ಅವಳಿಗೆ ಕಣ್ಣು ತುಂಬಿತು, ಎದೆಯೂ ಉಬ್ಬಿತು. ಸೆರಗಿಗೆ ಕೈ ಒರೆಸಿಕೊಂಡು, ಅವನ ಕೈಯಿಂದ ಪೆನ್ನು ತೆಗೆದುಕೊಂಡಳು. ಅವನ ಸಹಿಯ ಕೆಳಗೆ ದುಂಡಗೆ ಬರೆದಳು: 'ನಿಜ. ಹುಲಿಗೆಮ್ಮ, ಬೀರಪ್ಪನ ಹೆಂಡತಿ, ಅಜ್ಜಂಪುರ.'

"ಅಯ್ಯೋ, ಕೆಟ್ರಲ್ಲಪ್ಪ!" ತೀರ್ಥಪ್ಪ ತಲೆ ಚಚ್ಚಿಕೊಂಡ. "ಅದನ್ನ ಹರಿದುಹಾಕಮ್ಮ, ಬೇರೆ ಹಾಳೆ ಕೊಡ್ತೀನಿ."

ಹುಲಿಗೆಮ್ಮ ಶಾಯಿ ಒಣಗಲೆಂದು ಉಫ್ ಎಂದು ಊದಿದಳು.

"ಹರಿಯಲ್ಲ ಕಣ್ರೀ."