ಪರದೆ ಕಪ್ಪಾಗಿದ್ದಷ್ಟು ಹೊತ್ತು

"ಉಳಿದ ವೇಗ ಎಲ್ಲಿಗೆ ಹೋಯ್ತು?"

ಪೆನಿನಾ ಕೇಳಿದಳು. ಚರ್ಚಿನ ಪಕ್ಕದ ಹಾಡಿನ ಕೋಣೆಯಲ್ಲಿ ಉತ್ತರ ಕೊಡಲು ಯಾರೂ ಇರಲಿಲ್ಲ.

ಕಂಪ್ಯೂಟರಿನ ಮಗ್ಗುಲು ಬಿಚ್ಚಿಟ್ಟಿತ್ತು. ಒಳಗಿನ ಮೆಮೊರಿಯ ಮೇಲೆ ಅದರ ವೇಗ 3200 ಎಂದು ಅಚ್ಚಾಗಿತ್ತು. ಪರದೆ ಮಾತ್ರ 2133 ಎನ್ನುತ್ತಿತ್ತು. ಚರ್ಚಿನ ಹಬ್ಬವಾದ ಮಕ್ಕಳ ಭಾನುವಾರಕ್ಕಾಗಿ ಚಿಕ್ಕವರು ಬಾಯಿಪಾಠ ಒಪ್ಪಿಸಿದ ಬೈಬಲ್ ವಚನಗಳ ವಿಡಿಯೊವನ್ನು ಹಾಡಿಗೆ ಜೋಡಿಸಲು ಕುಳಿತರೆ ಚಿತ್ರ ನಿಂತು ನಿಂತು ಓಡುತ್ತಿತ್ತು. ಅದಕ್ಕೇ ಅವಳು ಒಳಗೆ ಇಣುಕಿದ್ದು.

"ಯಾವ ವೇಗ?"

ಬಾಗಿಲಲ್ಲಿ ಪಂಚೆಯಂಥ ಲಾವಲಾವಾ ಉಟ್ಟ ಎತ್ತರದ ಗಂಡಸು ಚಪ್ಪಲಿ ಬಿಡುತ್ತಿದ್ದ.

"ನಾನು ಸೊಲೊಮೊನಾ. ಆಪಿಯಾ ಪೇಟೆಯಲ್ಲಿ ಅಂಗಡಿ. ಈ ಕಂಪ್ಯೂಟರ್ ಜೋಡಿಸಿಕೊಟ್ಟವನು. ಹೇಗೆ ಓಡ್ತಿದೆ ಅಂತ ನೋಡೋಕೆ ಬಂದೆ."

ಎಂಥ ದನಿ! ನೆಲದಡಿಯಿಂದ ಬಂದಂತೆ... ತನ್ನ ಎದೆ ಜಿಗಿದದ್ದು ಅವಳಿಗೇ ಹಿಡಿಸಲಿಲ್ಲ. ಆ ಸಿಟ್ಟೂ ಮಾತಿಗೆ ಸೇರಿಕೊಂಡಿತು.

"ಓಡ್ತಿಲ್ಲ, ತೆವಳ್ತಿದೆ! ಮೇಲೆ ಒಂದು ಬರೆದು ಒಳಗೆ ಇನ್ನೊಂದು ತುಂಬೋದು ನಿಮ್ಮ ಅಂಗಡಿಯ ಪದ್ಧತಿನಾ?"

"ಪೂರ್ತಿ ವೇಗಕ್ಕೆ ಇಟ್ಟೇ ಕೊಟ್ಟಿದ್ದೆ. ನೀವು ಇದನ್ನ ಯಾವಾಗ ಆನ್ ಮಾಡ್ತೀರಿ?"

"ಸಂಜೆ, ಹಾಡಿನ ಅಭ್ಯಾಸಕ್ಕೆ ಮುಂಚೆ. ಯಾಕೆ, ಸಂಜೆ ಹೊತ್ತಿಗೆ ಅದಕ್ಕೂ ಸುಸ್ತಾಗುತ್ತಾ?"

ಅವನು ನಗಲಿಲ್ಲ. ಕಂಪ್ಯೂಟರನ್ನು ಒಮ್ಮೆ ಆರಿಸಿ ಮತ್ತೆ ಹಚ್ಚಿದ. ಪರದೆ ಕಪ್ಪಾಗಿಯೇ ಇತ್ತು. ಏಳುವ ಮುನ್ನ ತನ್ನ ಮೆಮೊರಿ ಪರೀಕ್ಷಿಸಿಕೊಳ್ಳಲು ಅದಕ್ಕೆ ಒಂದೆರಡು ನಿಮಿಷ ಬೇಕು. ಅಷ್ಟರಲ್ಲಿ ಹಾಡುವವರು ಒಬ್ಬೊಬ್ಬರಾಗಿ ಒಳಗೆ ಬಂದರು. ಮುಂದೆ ಎಸೆಟಾ ಅತ್ತೆ. ಪೆನಿನಾಳನ್ನು ಸಾಕಿದವಳು, ಹಾಡಿಸುವವಳೂ ಅವಳೇ.

"ಏನೇ ಹುಡುಗಿ, ಇಷ್ಟು ಗಲಾಟೆ?"

"ಇವರು ಕಳ್ಳರು ಅತ್ತೆ, ನಮಗೆ ಮೋಸ ಮಾಡಿದ್ದಾರೆ! ಕಡಿಮೆ ಮಾಲು ಹಾಕಿಕೊಟ್ಟಿದ್ದಾರೆ!"

ಹೊರಗೆ ಗಂಟೆಯ ಬದಲು ಮರಕ್ಕೆ ತೂಗುಬಿಟ್ಟ ಹಳೆಯ ಗ್ಯಾಸ್ ಸಿಲಿಂಡರನ್ನು ಯಾರೋ ಬಡಿದರು. ಅದು 'ಸಾ', ದಿನವೂ ಸಂಜೆ ಹಳ್ಳಿಯೇ ಕುಳಿತು ಪ್ರಾರ್ಥಿಸುವ ಹೊತ್ತು. ಪ್ರಾರ್ಥನೆಯಲ್ಲಿ ಯಂತ್ರದ ಸದ್ದು ಬೇಡವೆಂದು ಅತ್ತೆ ಎಂದಿನಂತೆ ಗೋಡೆಯಿಂದ ಕಂಪ್ಯೂಟರಿನ ಪ್ಲಗ್ ಕಿತ್ತು, ಚಾಪೆಯ ಮೇಲೆ ಕುಳಿತು ಕಣ್ಣು ಮುಚ್ಚಿದಳು.

ಸೊಲೊಮೊನಾ ಪ್ಲಗ್ ನೋಡಿದ. ಅತ್ತೆಯನ್ನು ನೋಡಿದ. ಅವನೂ ಕುಳಿತ.

ಪ್ರಾರ್ಥನೆ ಮುಗಿದ ಮೇಲೆ ಎಲ್ಲರೂ ಅವನ ಉತ್ತರಕ್ಕೆ ಕಾದರು. ಬಿಚ್ಚಿಟ್ಟಿದ್ದ ಮಗ್ಗುಲನ್ನು ಅವನು ಮತ್ತೆ ಮುಚ್ಚಿದ.

"ತಪ್ಪಾಗಿರಬಹುದು. ಶನಿವಾರ ಬಂದು ಇದನ್ನ ತಗೊಂಡು ಹೋಗ್ತೀನಿ."

"ಆ ಗಂಟಲನ್ನಾದ್ರೂ ಬಿಟ್ಟು ಹೋಗಪ್ಪಾ!" ಹಿಂದಿನಿಂದ ಒಬ್ಬ ಕೂಗಿದ. "ನಮ್ಮಲ್ಲಿ ಕೆಳದನಿಯಲ್ಲಿ ಹಾಡೋಕೆ ಯಾರೂ ಗತಿಯಿಲ್ಲ!"

ಎಲ್ಲರೂ ನಕ್ಕರು. ಪೆನಿನಾ ನಗಲಿಲ್ಲ. 'ಕಳ್ಳನಾಗಿದ್ರೆ ಜಗಳ ಆಡ್ತಿದ್ದ. ಇವನೇಕೆ ಸುಮ್ಮನಾದ?'

ಸುದ್ದಿ ಅಕ್ಕಪಕ್ಕದ ಹಳ್ಳಿಗಳಿಗೂ ಹೋಯಿತು. ಚರ್ಚಿನವರು ಯಾರೂ ಅವನ ಅಂಗಡಿಯ ಮೆಟ್ಟಿಲು ಹತ್ತಲಿಲ್ಲ.

ಶುಕ್ರವಾರ ಸಂಜೆ ಪೆನಿನಾ ಒಬ್ಬಳೇ ಕಂಪ್ಯೂಟರಿನ ಮುಂದೆ ಕುಳಿತಳು. ಆರಂಭದ ಸೆಟ್ಟಿಂಗಿನಲ್ಲಿ ಮೆಮೊರಿಯ ವೇಗವನ್ನು ಮೇಲೇರಿಸಿದಳು. 3200! ಮೆಮೊರಿಯಲ್ಲಿ ಕುಂದೇ ಇರಲಿಲ್ಲ. ಚಿತ್ರವೂ ನೀರಿನಂತೆ ಓಡಿತು. ನಂಬಿಕೆಯಾಗದೆ ಇನ್ನೊಮ್ಮೆ ಆರಿಸಿ ಹಚ್ಚಿದಳು. ಪರದೆ ಕಪ್ಪಾಯಿತು. ಸಿಲಿಂಡರಿನ ಸದ್ದಾಯಿತು. ಒಳಗೆ ಬಂದ ಅತ್ತೆಯ ಕೈ ಗೋಡೆಯ ಪ್ಲಗ್ಗಿಗೆ ಹೋಯಿತು.

ಪ್ರಾರ್ಥನೆಯ ಉದ್ದಕ್ಕೂ ಪೆನಿನಾ ಕಣ್ಣು ತೆರೆದೇ ಇದ್ದಳು.

ಮತ್ತೆ ಹಚ್ಚಿದಾಗ ಪರದೆಯ ಮೇಲೆ ಒಂದು ಸಾಲು ಮೂಡಿತು. ಕಳೆದ ಸಲ ಏಳಲಾಗಲಿಲ್ಲ, ಮೆಮೊರಿಯ ವೇಗ ತಗ್ಗಿಸಿದೆ ಎಂದು. ಕೆಳಗೆ 2133.

ಅಯ್ಯೋ ದೇವರೇ... ಏಳುವ ಮೊದಲೇ ಉಸಿರು ಕಿತ್ತರೆ, ವೇಗವೇ ತನಗೆ ಹೆಚ್ಚಾಯಿತೆಂದುಕೊಂಡು ಕಂಪ್ಯೂಟರ್ ಅದನ್ನು ತಾನಾಗಿ ತಗ್ಗಿಸಿಕೊಳ್ಳುತ್ತಿತ್ತು. ಅವನು ಅದನ್ನು ಅಂದೇ ಕಂಡುಕೊಂಡಿದ್ದ!

ಶನಿವಾರ ಸೊಲೊಮೊನಾ ಖಾಲಿ ರಟ್ಟಿನ ಪೆಟ್ಟಿಗೆ ಹೊತ್ತು ಬಂದ.

"ಗೊತ್ತಿದ್ದೂ ಯಾಕೆ ಹೇಳ್ಲಿಲ್ಲ?" ಪೆನಿನಾ ಬಾಗಿಲಲ್ಲೇ ಅವನನ್ನು ತಡೆದಳು.

"ಹೇಗೆ ಹೇಳ್ಲಿ? ಹಿರಿಯರು. ಪ್ರಾರ್ಥನೆಗೆ ಕೂರೋ ಮುಂಚೆ ಮಾಡಿದ ಕೆಲಸ. ಅಷ್ಟು ಜನರ ಮುಂದೆ ಅವರ ಕೈ ತೋರಿಸೋದಾ?" ಅವನು ಪೆಟ್ಟಿಗೆ ಕೆಳಗಿಟ್ಟ. "ಆಮೇಲೆ... ಅವರು ನಿಮ್ಮನ್ನ ಸಾಕಿದವರು."

"ನಾನು ನಿಮ್ಮನ್ನ ಕಳ್ಳ ಅಂದೆ."

"ಅಂದ್ರಿ. ಬಸ್ಸಲ್ಲಿ ದಾರಿಯುದ್ದಕ್ಕೂ ಅದೇ ಕಿವಿಯಲ್ಲಿತ್ತು." ಅವನು ತಲೆ ತಗ್ಗಿಸಿ ನಕ್ಕ. "ಮಾತು ಕಹಿಯಾಗಿತ್ತು. ದನಿ ಮಾತ್ರ ಇನ್ನೂ ಬೇಕು ಅನಿಸ್ತಿತ್ತು."

ಅವಳ ಕಣ್ಣು ತುಂಬಿತು.

"ಈಗ ಏನ್ಮಾಡ್ತೀರಿ?"

"ಅಂಗಡಿ ಮುಚ್ಚಿ ಸವಾಯಿ ದ್ವೀಪಕ್ಕೆ ಹೋಗ್ತೀನಿ, ಅಮ್ಮನ ಊರಿಗೆ. ಗಿರಾಕಿಗಳೇ ಇಲ್ವಲ್ಲ."

"ನಾನು ಇರು ಅಂದ್ರೆ?"

ಅವನು ತಲೆ ಎತ್ತಿ ಅವಳನ್ನು ನೋಡಿದ.

"ನೀನು ಅಂದ್ರೆ ಇರ್ತೀನಿ, ಪೆನಿನಾ. ಒಂದೇ ಒಂದು ಕೇಳ್ಕೋತೀನಿ. ಪ್ಲಗ್ಗಿನ ವಿಷಯ ಯಾರಿಗೂ ಬೇಡ. ನಾನೇ ಕೆಡಿಸಿದ್ದೆ, ನಾನೇ ಸರಿಮಾಡ್ದೆ ಅಂತ ಆಗ್ಲಿ. ಕಳ್ಳ ಅನ್ನಿಸ್ಕೊಂಡೇ ಇರ್ತೀನಿ. ನನಗೆ ನೀನು ಸಾಕು."

ಪೆನಿನಾ ರಟ್ಟಿನ ಪೆಟ್ಟಿಗೆಯನ್ನು ಮಡಚಿ ಗೋಡೆಗೆ ಒರಗಿಸಿದಳು. ಅವನ ಕೈಯನ್ನು ತನ್ನೆರಡೂ ಕೈಯಲ್ಲಿ ಹಿಡಿದಳು.

"ಅತ್ತೆಗೆ ಇವತ್ತೇ ಮನೆಯಲ್ಲಿ ಹೇಳ್ತೀನಿ, ಮೆತ್ತಗೆ. ನಾಳೆ ಚರ್ಚಲ್ಲಿ ಎಲ್ಲರ ಮುಂದೆ ನಿಂತು, ವಿಚಾರಿಸದೆ ಕಳ್ಳ ಅಂದವಳು ನಾನು, ಇವನಲ್ಲಿ ತಪ್ಪಿಲ್ಲ ಅಂತೀನಿ."

"ಬೇಡ ಪೆನಿನಾ, ಊರವರು ನಿನ್ನನ್ನ ಆಡ್ಕೋತಾರೆ. ನನಗೋಸ್ಕರ ಸುಮ್ಮನಿರು..."

"ಸುಮ್ಮನಿರಲ್ಲ!"