ಮೂಲೆಯ ತಡೆ

“ಮೇಡಮ್ಮೋರೇ, ಆ ಮೂಲೇಲಿ ತಡೆ ಐತೆ. ಮುಟ್ಬ್ಯಾಡಿ ಕಣ್ರೀ,” ಅಂದ ಅಗೆತದ ಮೇಸ್ತ್ರಿ ಸಣ್ಣಬೀರಯ್ಯ.

ನಂದಿತಾಗೆ ನಗು ಬಂತು, ಹಿಂದೆಯೇ ಸಿಟ್ಟೂ ಬಂತು. ಮೈಸೂರಿನಿಂದ ಕೆ.ಆರ್. ನಗರದ ಈ ಸೈಟಿಗೆ ಇಂಜಿನಿಯರಾಗಿ ಬಂದು ಹದಿನೈದು ದಿನ. ಅವಳು ಬಾಯಿ ಬಡಿದುಕೊಳ್ಳುತ್ತಿದ್ದದ್ದೂ ತಡೆಗಾಗಿಯೇ! ಇಪ್ಪತ್ತಡಿಯ ಗುಂಡಿ, ಅದರ ಅಂಚಿನಲ್ಲೇ ಪುಟ್ಟಸಿದ್ದಮ್ಮನ ಮಣ್ಣುಗೋಡೆಯ ಮನೆ. ಪಕ್ಕದ ಮಣ್ಣಿಗೆ ಉಕ್ಕಿನ ತಡೆ ಕೊಡದಿದ್ದರೆ ಮನೆ ಕುಸಿದು ಮುದುಕಿ ಅದರಡಿ ಸಿಕ್ಕಿ ಸಾಯುತ್ತಾಳೆ. ನಾಲ್ಕು ದಿನ ಮನೆ ಬಿಡಮ್ಮ ಅಂದರೆ ಮುದುಕಿ ಕೇಳುವುದಿಲ್ಲ, ಉಕ್ಕು ಕಳಿಸಪ್ಪ ಅಂದರೆ ಕಂಟ್ರಾಕ್ಟರ್ ಫೋನೇ ಎತ್ತುವುದಿಲ್ಲ. ಅಂತೂ ಇವತ್ತು ಉಕ್ಕು ಬಂದಿದೆ, ಅದನ್ನು ನಿಲ್ಲಿಸಬೇಕಾದ ಮೂಲೆಯಲ್ಲಿ ಇವನದೊಂದು ರಾಗ!

“ತಡೆ ನಾನು ಹಾಕ್ತೀನಿ. ನೀವು ಅಗೀರಿ.”

“ನಿಮ್ಮ ತಡೆ ಅಲ್ಲ ಕಣವ್ವ, ಮಂತ್ರವಾದಿ ಊತಿದ್ದು. ಆ ಮನೇನ ಮಣ್ಣು ಮಾಡ್ತೀನಿ ಅಂತ ದಾಯಾದಿ ಮಾಟ ಮಾಡ್ಸಿದ್ದ. ಅದನ್ನ ಅಲ್ಲಿ ಕಟ್ಟಾಕವ್ರೆ.”

“ಥೂ, ಇದೊಂದು ಕಮ್ಮಿಯಾಗಿತ್ತು!” ಎಂದವಳೇ ಹಾರೆ ಕಸಿದುಕೊಂಡು ಮನೆಯ ಅಡಿಪಾಯದ ಪಕ್ಕಕ್ಕಿಳಿದು ತಾನೇ ಕುಕ್ಕಿದಳು.

ಮಡಕೆಯೊಂದು ಒಡೆಯಿತು. ಕಪ್ಪು ದಾರ, ತುಕ್ಕು ಹಿಡಿದ ಮೊಳೆ, ಮಡಚಿದ ತಾಮ್ರದ ತಗಡು. ಸುಟ್ಟ ಕೂದಲಿನ ವಾಸನೆ ಗಂಟಲಿಗಿಳಿದು ಕೆಮ್ಮು ಬಂತು. ನಡುಮಧ್ಯಾಹ್ನದ ಬಿಸಿಲಲ್ಲಿ ಗುಂಡಿಯೊಳಗೆ ಕತ್ತಲು ಕವಿಯಿತು.

ಮನೆಯ ಗೋಡೆ ಕೂದಲೆಳೆಯಷ್ಟು ಜರುಗಿದರೂ ಗೊತ್ತಾಗಲೆಂದು ಅವಳು ಬಿರುಕುಗಳಿಗೆ ಅಡ್ಡಲಾಗಿ ಗಾಜಿನ ಪಟ್ಟಿಗಳನ್ನು ಅಂಟಿಸಿದ್ದಳು. ಚಟ್! ಒಂದು ಒಡೆಯಿತು. ಚಟ್! ಇನ್ನೊಂದು. ಮಣ್ಣು ಉದುರಿತು. ಒಳಗೆ ಮುದುಕಿ ಕಿರುಚಿದಳು. ಅಂಗೈಯಿಂದ ಮನೆ ನಿಲ್ಲುವುದಿಲ್ಲವೆಂದು ಓದಿದವಳಿಗೆ ಗೊತ್ತಿಲ್ಲವೇ? ಆದರೂ ನಂದಿತಾ ಎರಡೂ ಕೈ ಚಾಚಿ ಅಡಿಪಾಯದ ಕೆಳಗಿನ ಮಣ್ಣನ್ನು ಒತ್ತಿ ಹಿಡಿದಳು.

ಮನೆ ನಿಂತಿತು. ಉದುರುತ್ತಿದ್ದ ಮಣ್ಣೂ ನಿಂತಿತು.

“ಹೋಗಿ, ಅವರನ್ನ ಎತ್ಕೊಂಡು ಬನ್ನಿ!” ಎಂದು ಚೀರಿದಳು. ಸಣ್ಣಬೀರಯ್ಯ ಓಡಿಹೋಗಿ ಪುಟ್ಟಸಿದ್ದಮ್ಮನನ್ನು ಹೊತ್ತು ತಂದು ಗುಂಡಿಯ ಆಚೆ ಇಳಿಸಿದ.

“ಬಂದ್ರು! ಕೈ ಬುಡಿ ಮೇಡಮ್ಮೋರೇ!”

ಎಳೆದಳು. ಬರಲಿಲ್ಲ. ಮತ್ತೆ ಎಳೆದಳು. ಮಣ್ಣಿನೊಳಗಿನಿಂದ ಏನೋ ಅವಳ ಒಂದೊಂದೇ ಬೆರಳನ್ನು ಹುಡುಕಿ ಹಿಡಿದುಕೊಳ್ಳುತ್ತಿತ್ತು. ತಣ್ಣಗೆ. ಆತುರವಿಲ್ಲದೆ.

“ಸಣ್ಣಬೀರಯ್ಯಾ, ಬಿಡ್ತಿಲ್ಲ ಇದು!”

ಅವನು ಇಳಿದು ಬಂದು ಅವಳ ಸೊಂಟ ಹಿಡಿದು ಜಗ್ಗಿದ. ಮೇಲಿನ ಗೋಡೆ ಲಟಲಟ ಎಂದಿತು. ಬೆಚ್ಚಿ ಕೈಬಿಟ್ಟ.

ಪುಟ್ಟಸಿದ್ದಮ್ಮ ಆಚೆ ಕೂತು ಎದೆ ಬಡಿದುಕೊಂಡು ಅತ್ತಳು. “ಎಳೀಬ್ಯಾಡ ಕಣ್ಲಾ! ತಡೆ ತೆಗ್ದೋರೇ ತಡೆ ಆಗ್ಬೇಕು.”

ಮಣ್ಣು ಆಗಲೇ ನಂದಿತಾಳ ಮೊಣಕೈ ದಾಟಿತ್ತು.